ಹತ್ತು ಸೆಕೆಂಡಿನ ಸಾಕ್ಷ್ಯ



ಕಣ್ಣಿನಿಂದ ನೋಡಿ ತಿಳಿಯತಕ್ಕ ವಿಷಯವೊಂದನ್ನು ಕಿವಿಗಷ್ಟೇ ನಿಲುಕುವ ಬಾನುಲಿಯಲ್ಲಿ ವಿವರಿಸಲು ಒಪ್ಪಿಕೊಂಡವನ ಧೈರ್ಯವನ್ನು ನೀವು ಮೊದಲು ಮನ್ನಿಸಬೇಕು. ಹೃದಯದ ವಿದ್ಯುಲ್ಲೇಖವೆಂದು ಪುಸ್ತಕಗಳೂ ಇಸಿಜಿ ಎಂದು ನಾವೆಲ್ಲರೂ ಕರೆಯುವ ಆ ಗೆರೆಗಳ ಕಾಗದದಲ್ಲಿ ಲಯ ತಪ್ಪಿದ ಹೃದಯವನ್ನು ಗುರುತಿಸುವುದು ಹೇಗೆ ಎಂಬುದು ಇಂದಿನ ವಿಷಯ. ಕಾಗದವನ್ನು ನಿಮ್ಮೆದುರು ಹಿಡಿಯಲಾರೆ. ಆದರೆ ಈ ಧ್ವನಿಗ್ರಾಹಕದ ಪಕ್ಕದಲ್ಲಿ ಒಂದು ಮರದ ಮೇಜಿದೆ, ನನಗೆ ಬೆರಳುಗಳಿವೆ, ನಿಮ್ಮ ಮಣಿಕಟ್ಟಿನಲ್ಲಿ ನಾಡಿಯಿದೆ. ಇವುಗಳ ಬಲದಿಂದ ಎಷ್ಟು ದೂರ ಹೋಗಬಹುದೋ ನೋಡೋಣ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ವೈದ್ಯವೃತ್ತಿ ನಡೆಸಿದ ನನ್ನ ಮುಂದೆ ಕುಳಿತು, ಎದೆಯ ಮೇಲೆ ಅಂಗೈಯಿಟ್ಟು, ತಮಗಾದುದನ್ನು ಹೇಳುವುದಕ್ಕೆ ತಕ್ಕ ಮಾತು ಸಿಕ್ಕದೆ ತಡವರಿಸಿದವರು ಎಷ್ಟು ಮಂದಿಯೋ ಲೆಕ್ಕವಿಟ್ಟಿಲ್ಲ. “ಒಳಗೆ ಹಕ್ಕಿ ರೆಕ್ಕೆ ಬಡಿದಾಂಗೆ ಆಗ್ತು” ಎಂದರು ಒಬ್ಬರು. ಘಟ್ಟ ಹತ್ತುವ ಜೀಪಿನ ಗೇರು ತಪ್ಪಿದ ಹಾಗೆ ಎಂದರು ಇನ್ನೊಬ್ಬರು. ಒಬ್ಬ ಮುದುಕಿಯಂತೂ ಮಾತೇ ಆಡದೆ ನನ್ನ ಮೇಜಿನ ಮೇಲೆ ಬೆರಳ ತುದಿಗಳಿಂದ ದಡದಡನೆ ಬಾರಿಸಿ, ಥಟ್ಟನೆ ನಿಲ್ಲಿಸಿ, “ಹಿಂಗೆ” ಎಂದಳು. ರೋಗನಿರ್ಣಯಕ್ಕೆ ಮೂವರಲ್ಲಿ ಹೆಚ್ಚು ನೆರವಾದವಳು ಅವಳೇ. ಮೇಜು ಬಾರಿಸುವ ವಿದ್ಯೆಯನ್ನು ನಾನು ಕಲಿತುದು ಅವಳಿಂದ. ಇಂದು ಇಲ್ಲಿ ಅದನ್ನೇ ಪ್ರಯೋಗಿಸುವವನಿದ್ದೇನೆ.

ಆದರೆ ಇವರೆಲ್ಲರ ಇಸಿಜಿಯನ್ನು ತೆಗೆದು ನೋಡಿದಾಗ ಬಹುಪಾಲು ಸಲ ಕಂಡುದೇನು? ಎಲ್ಲವೂ ಸರಿಯಾಗಿರುವ ಒಂದು ಕಾಗದ. ಕಾರಣವನ್ನು ಬಲ್ಲವರಾರು ಎಂದರೆ ನಮ್ಮ ಸೀಮೆಯ ನೆಲವನ್ನು ಬಲ್ಲವರೆಲ್ಲರೂ. ಮನೆ ಕಣಿವೆಯ ತಳದಲ್ಲಿ, ಅಡಿಕೆತೋಟದ ಮಗ್ಗುಲಲ್ಲಿ. ರಾತ್ರಿ ಹತ್ತು ಗಂಟೆಗೆ ಎದೆ ಹೊಡೆದುಕೊಳ್ಳಲಾರಂಭಿಸಿದರೆ ಬೆಳಗಿನವರೆಗೆ ಕಾದು, ಹಳ್ಳದ ಕಾಲುಸಂಕವನ್ನು ದಾಟಿ, ದರೆ ಹತ್ತಿ, ಡಾಂಬರು ರಸ್ತೆಗೆ ಬಂದು, ವಾಹನಕ್ಕೆ ಕಾದು, ಪೇಟೆಯ ವೈದ್ಯನ ಬಾಗಿಲಲ್ಲಿ ಸರದಿ ಕುಳಿತು, ಕೊನೆಗೆ ಮಂಚದ ಮೇಲೆ ಮಲಗುವ ಹೊತ್ತಿಗೆ ಹೃದಯವು ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ಸಾಧುವಾಗಿ ನಡೆಯತೊಡಗಿರುತ್ತದೆ. ಜೊತೆಗೆ ಬಂದವರು ಪಿತ್ತವೆನ್ನುತ್ತಾರೆ, ಗ್ಯಾಸು ಎನ್ನುತ್ತಾರೆ. ರೋಗಿಯು ಸುಳ್ಳು ಹೇಳಿ ಸಿಕ್ಕಿಬಿದ್ದವನಂತೆ ನಾಚಿ, “ಈಗ ಯಂಗೆ ಎಂತೂ ಆಜಿಲ್ಲೆ” ಎಂದು ಅಂಗಿ ತೊಟ್ಟುಕೊಳ್ಳುತ್ತಾನೆ.

ಗಣಿತವನ್ನೊಮ್ಮೆ ನೋಡಿ. ನಿಮಿಷಕ್ಕೆ 72ರಂತೆ ಹೃದಯವು ದಿನವೊಂದಕ್ಕೆ 1,03,680 ಸಲ ಮಿಡಿಯುತ್ತದೆ. ರೂಢಿಯ ಇಸಿಜಿಯು ಬರೆದುಕೊಳ್ಳುವುದು ಹತ್ತು ಸೆಕೆಂಡುಗಳನ್ನು, ಎಂದರೆ ಹನ್ನೆರಡು ಮಿಡಿತಗಳನ್ನು. ಲಕ್ಷದ ಮೇಲೆ ಮೂರು ಸಾವಿರ ಜನ ಸೇರಿದ ಮಾರಿಕಾಂಬೆಯ ಜಾತ್ರೆಯಲ್ಲಿ ಹನ್ನೆರಡು ಜನರ ಮುಖವನ್ನು ನೋಡಿ, ಇಲ್ಲಿ ಕಳ್ಳರಾರೂ ಇಲ್ಲವೆಂದು ಹೇಳುವುದಾದರೆ, ಸರಿಯಾದ ಒಂದು ಇಸಿಜಿಯಿಂದ ಲಯದೋಷವೇ ಇಲ್ಲವೆಂದೂ ಹೇಳಬಹುದು.

ಈ ಯಂತ್ರದ ಮೂಲಪುರುಷ ವಿಲ್ಲೆಮ್ ಐಂತೋವನ್ ಎಂಬ ಡಚ್ ಪಂಡಿತ. ಜಾವಾದ್ವೀಪದ ಸೆಮರಾಂಗದಲ್ಲಿ 1860ರಲ್ಲಿ ಹುಟ್ಟಿ, ಹಾಲೆಂಡಿನ ಲೈಡನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕನಾಗಿದ್ದವನು. ಹೃದಯದಲ್ಲಿ ಹುಟ್ಟುವ ವಿದ್ಯುತ್ತು ಮೈಯ ಮೇಲೆ ಬರುವಷ್ಟರಲ್ಲಿ ವೋಲ್ಟಿನ ಸಾವಿರದ ಒಂದು ಭಾಗಕ್ಕೆ ಇಳಿದುಬಿಡುವುದರಿಂದ ಅದನ್ನು ಹಿಡಿಯಲು ಅತಿಸೂಕ್ಷ್ಮವಾದ ಎಳೆಯೊಂದು ಬೇಕಾಗಿತ್ತು. ಕರಗಿದ ಸ್ಫಟಿಕಶಿಲೆಯನ್ನು ಬಾಣಕ್ಕೆ ತಗುಲಿಸಿ ಹೊಡೆದು, ಆ ಬಾಣವು ಹಾರಿದ ಹಾದಿಯಲ್ಲಿ ಹಿಂಜಿಬಂದ ಎಳೆಗೆ ಬೆಳ್ಳಿಯ ಲೇಪ ಕೊಟ್ಟು, ಪ್ರಬಲವಾದ ಅಯಸ್ಕಾಂತದ ನಡುವೆ ಅದನ್ನು ಬಿಗಿದು, ಅದರ ನಡುಕದ ನೆರಳನ್ನು ಬೆಳಕಿನಿಂದ ಬರೆಯಿಸಿಕೊಂಡನು. ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ; ನಡೆಸಲು ಐವರು ಬೇಕು; ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕುಳಿತಿರಬೇಕು. ಇಂಥ ಯಂತ್ರವನ್ನು ರೋಗಿಯ ಬಳಿಗೆ ಒಯ್ಯುವುದು ಆಗದ ಮಾತು. ಒಂದೂವರೆ ಕಿಲೋಮೀಟರು ದೂರದ ಆಸ್ಪತ್ರೆಯಿಂದ ರೋಗಿಗಳನ್ನು ಕರೆತರುವುದೂ ಕಷ್ಟವಾದುದರಿಂದ, 1905ರಲ್ಲಿ ಐಂತೋವನ್ ಟೆಲಿಫೋನಿನ ತಂತಿಯ ಮೂಲಕ ಆಸ್ಪತ್ರೆಯಲ್ಲಿ ಮಲಗಿದವರ ಹೃದಯವನ್ನು ತನ್ನ ಪ್ರಯೋಗಶಾಲೆಯಲ್ಲಿ ಬರೆದುಕೊಂಡನು. ರೋಗಿ ಇದ್ದಲ್ಲಿಯೇ ಇದ್ದು, ಗೆರೆ ಮಾತ್ರ ಪ್ರಯಾಣ ಮಾಡುವ ಉಪಾಯವು ಇಸಿಜಿಯ ಶೈಶವದಲ್ಲಿಯೇ ಹುಟ್ಟಿತೆಂಬುದನ್ನು ನೆನಪಿನಲ್ಲಿಡಿ. ಆ ಮಾತಿಗೆ ಮತ್ತೆ ಬರುತ್ತೇನೆ. 1924ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು. ಗೆರೆಯ ಉಬ್ಬುತಗ್ಗುಗಳಿಗೆ ಪಿ, ಕ್ಯು, ಆರ್, ಎಸ್, ಟಿ ಎಂದು ಹೆಸರಿಟ್ಟವನೂ ಆತನೇ.

ಈ ಅಕ್ಷರಗಳ ಅರ್ಥವೇನೆಂಬುದನ್ನು ಯಕ್ಷಗಾನ, ತಾಳಮದ್ದಲೆಗಳ ನಾಡಿನವರಿಗೆ ಹೇಳುವುದು ಸುಲಭ. ಹೃದಯದ ಬಲಭಾಗದ ಮೇಲುಕೋಣೆಯಲ್ಲಿ, ಹೃತ್ಕರ್ಣದಲ್ಲಿ, ಸಣ್ಣದೊಂದು ಗಂಟು ಇದೆ, ಅದೇ ಭಾಗವತ. (1906ರ ಬೇಸಗೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಂದು ಹಳ್ಳಿಮನೆಯಲ್ಲಿ ಮಾರ್ಟಿನ್ ಫ್ಲ್ಯಾಕ್ ಎಂಬ ವಿದ್ಯಾರ್ಥಿಯು ಇದನ್ನು ಮೊದಲು ಕಂಡುದು ಮನುಷ್ಯನ ಹೃದಯದಲ್ಲಲ್ಲ, ನೆಲ ಕೊರೆಯುವ ಮೋಲ್ ಎಂಬ ಬಡಪ್ರಾಣಿಯ ಹೃದಯದಲ್ಲಿ.) ಭಾಗವತನು ತಾಳ ಕುಟ್ಟಿದೊಡನೆ ಹೃತ್ಕರ್ಣಗಳು ಸಂಕುಚಿಸುತ್ತವೆ, ಕಾಗದದ ಮೇಲೆ ಅದು ಪಿ ಎಂಬ ಸಣ್ಣ ದಿಬ್ಬ. ನಡುಮನೆಯಲ್ಲಿ ಕುಳಿತ ಎರಡನೆಯ ಗಂಟು ಮದ್ದಲೆಗಾರನಂತೆ ಒಂದು ಗಳಿಗೆ ತಡೆದು ಆ ತಾಳವನ್ನು ಕೆಳಕ್ಕೆ ದಾಟಿಸುತ್ತದೆ. ಆಗ ಕೆಳಕೋಣೆಗಳಾದ ಹೃತ್ಕುಕ್ಷಿಗಳೆಂಬ ವೇಷಧಾರಿಗಳು ಗೆಜ್ಜೆಗಾಲನ್ನು ನೆಲಕ್ಕೆ ಅಪ್ಪಳಿಸುತ್ತಾರೆ. ಅದು ಕ್ಯುಆರ್‌ಎಸ್ ಎಂಬ ಚೂಪಾದ ಶಿಖರ. ಎತ್ತಿದ ಕಾಲನ್ನು ಮುಂದಿನ ಹೆಜ್ಜೆಗಾಗಿ ಸಜ್ಜುಗೊಳಿಸುವುದು ಟಿ.

ಕಾಗದವು ಸೆಕೆಂಡಿಗೆ 25 ಮಿಲಿಮೀಟರು ಓಡುತ್ತದೆ. ಅದರ ಸಣ್ಣ ಚೌಕವೊಂದಕ್ಕೆ ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗ. ಐದು ಸಣ್ಣ ಚೌಕ ಸೇರಿದ ದೊಡ್ಡ ಚೌಕಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ. ಆದುದರಿಂದ ನಿಮಿಷಕ್ಕೆ ದೊಡ್ಡ ಚೌಕಗಳು ಮುನ್ನೂರು. ಒಂದು ಶಿಖರದಿಂದ ಮುಂದಿನ ಶಿಖರದವರೆಗೆ ನಾಲ್ಕು ದೊಡ್ಡ ಚೌಕಗಳಿದ್ದರೆ ಮುನ್ನೂರನ್ನು ನಾಲ್ಕರಿಂದ ಭಾಗಿಸಿ: 75. ಎರಡೇ ಇದ್ದರೆ 150. ಶಿಖರಗಳ ನಡುವಣ ಅಂತರವೇ ಏರುಪೇರಾಗಿದ್ದರೆ ಈ ಉಪಾಯ ಸಾಗದು. ಆಗ ಹತ್ತು ಸೆಕೆಂಡಿನ ಉದ್ದಗೆರೆಯಲ್ಲಿರುವ ಶಿಖರಗಳನ್ನೆಲ್ಲ ಎಣಿಸಿ ಆರರಿಂದ ಗುಣಿಸಬೇಕು. ವೇಗ ತಿಳಿದ ಮೇಲೆ ಅಂತರ ಸಮವೋ ವಿಷಮವೋ ಎಂದು ನೋಡುವುದು. ಅನಂತರ ಪ್ರತಿಯೊಂದು ಶಿಖರದ ಹಿಂದೆಯೂ ಪಿ ಇದೆಯೇ, ಪ್ರತಿಯೊಂದು ಪಿಯ ಮುಂದೆಯೂ ಶಿಖರ ಬಂತೇ ಎಂದು ಎರಡು ಕಡೆಯಿಂದಲೂ ಕೇಳುವುದು. ಎಳೆಯ ವೈದ್ಯರು ಮೊದಲನೆಯ ಪ್ರಶ್ನೆಯನ್ನು ಕೇಳಿ ಎರಡನೆಯದನ್ನು ಮರೆಯುತ್ತಾರೆ. ಕೊನೆಯದಾಗಿ ಶಿಖರದ ಅಗಲ. ಮೂರು ಸಣ್ಣ ಚೌಕಗಳ ಒಳಗಿದ್ದರೆ ಭಾಗವತನ ಆಜ್ಞೆಯು ರಾಜಮಾರ್ಗದಲ್ಲಿಯೇ ಇಳಿದುಬಂದಿದೆ. ಅದನ್ನು ಮೀರಿ ಅಗಲವಾಗಿದ್ದರೆ ಆಜ್ಞೆ ಹುಟ್ಟಿದ್ದೇ ಕೆಳಮನೆಯಲ್ಲಿರಬಹುದು, ಇಲ್ಲವೇ ಇಳಿದುಬರುವ ಹಾದಿ ಕೆಟ್ಟಿರಬಹುದು.

ಇಷ್ಟನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ ನಾನು ವೃತ್ತಿಯ ಮೊದಲನೆಯ ವರ್ಷದಲ್ಲಿ ಮಾಡಿದ ಒಂದು ಅವಾಂತರವನ್ನು ಹೇಳದೆ ಮುಂದೆ ಹೋಗಲಾರೆ. ನಡುಹಗಲಿನಲ್ಲಿ ಎಪ್ಪತ್ತು ದಾಟಿದ ಒಬ್ಬ ವೃದ್ಧರನ್ನು ಕರೆತಂದರು. ಆಗಿನ ಯಂತ್ರವು ಒಂದು ಸಲಕ್ಕೆ ಒಂದೇ ಗೆರೆಯನ್ನು ಬರೆಯತಕ್ಕದ್ದು. ಉದ್ದನೆಯ ಪಟ್ಟಿಯನ್ನು ಕತ್ತರಿಸಿ ರಟ್ಟಿಗೆ ಅಂಟಿಸಿಕೊಳ್ಳಬೇಕು. ಮೊದಲನೆಯ ಗೆರೆ ಹೊರಬಿತ್ತು, ಗರಗಸದ ಹಲ್ಲುಗಳು! ಎರಡನೆಯದರಲ್ಲಿಯೂ ಅವೇ. ಎಣಿಸಿದೆ: ನಿಮಿಷಕ್ಕೆ ಮುನ್ನೂರು. ಹೃತ್ಕರ್ಣವು ನಿಮಿಷಕ್ಕೆ ಮುನ್ನೂರು ಸಲ ಸುತ್ತಿ ಹೊಡೆಯುವ ಫ್ಲಟರ್ ಎಂಬ ವ್ಯಾಧಿಯ ಲಕ್ಷಣವನ್ನು ಪುಸ್ತಕದಲ್ಲಿ ಬಣ್ಣಿಸಿದಂತೆಯೇ ಕಂಡು ನನಗಾದ ಸಂತೋಷವನ್ನು, ರೋಗಿಯ ಎದುರಿನಲ್ಲಿ ಅದು ಸಲ್ಲದೆಂದು ಬಲ್ಲವನಾದರೂ, ಮರೆಮಾಡಲಾರದೆ ಹೋದೆ. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಬರೆಯಬೇಕಾದ ಕಾಗದದ ಒಕ್ಕಣೆಯೂ ಮನಸ್ಸಿನಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ ಹತ್ತಿರ ನಿಂತಿದ್ದ ಹಿರಿಯ ದಾದಿಯು ನನ್ನನ್ನೂ ನೋಡದೆ, ಪಟ್ಟಿಯನ್ನೂ ನೋಡದೆ, ರೋಗಿಯನ್ನು ನೋಡಿ, “ಅಜ್ಜಾ, ಆ ಬಲಗೈಯನ್ನು ಸ್ವಲ್ಪ ಸೊಂಟದ ಅಡಿಗೆ ಒತ್ತಿ ಇಟ್ಕೊಳ್ಳಿ” ಎಂದಳು. ಅಜ್ಜ ಒತ್ತಿ ಇಟ್ಟುಕೊಂಡರು. ಗರಗಸ ಮಾಯವಾಯಿತು, ಅಚ್ಚುಕಟ್ಟಾದ ಪಿ, ಅದರ ಮುಂದೆ ಶಿಖರ, ನಿಮಿಷಕ್ಕೆ 78. ಅವರಿಗಿದ್ದುದು ಕಂಪವಾತ. ಆ ವ್ಯಾಧಿಯ ಕೈನಡುಕವು ಸೆಕೆಂಡಿಗೆ ಐದರಂತೆ, ನಿಮಿಷಕ್ಕೆ ಸರಿಯಾಗಿ ಮುನ್ನೂರು ಸಲ ಇರಬಹುದೆಂಬುದು ಆ ದಾದಿಗೆ ಲೆಕ್ಕದಲ್ಲಿ ತಿಳಿದಿತ್ತೋ ಇಲ್ಲವೋ, ಕಣ್ಣಿಗೆ ತಿಳಿದಿತ್ತು. ನನ್ನ ಕೈಯಲ್ಲಿದ್ದ ಪಟ್ಟಿಯೂ ನಿಜವನ್ನು ಬಚ್ಚಿಟ್ಟಿರಲಿಲ್ಲ. ಮೊದಲೆರಡು ಗೆರೆಗಳು ಬಲಗೈಯನ್ನೊಳಗೊಂಡವು. ಎಡಗೈ ಎಡಗಾಲುಗಳ ನಡುವಣ ಮೂರನೆಯ ಗೆರೆಯು ಶುಭ್ರವಾಗಿಯೇ ಇತ್ತು. ಹೃದಯದ ರೋಗವಾಗಿದ್ದರೆ ಅದು ಬಲಗೈಯೊಂದರಲ್ಲಿ ಮಾತ್ರ ಏಕೆ ಕಾಣಬೇಕು? ಅಂದಿನಿಂದ ಕಾಗದವನ್ನು ಓದುವ ಮುನ್ನ ಮಂಚದ ಮೇಲಿರುವವರನ್ನು ಒಮ್ಮೆ ನೋಡುತ್ತೇನೆ.

ಈಗ ಬಲಗೈಯ ಮೂರು ಬೆರಳುಗಳನ್ನು ಎಡಗೈಯ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲಿಡಿ. ನಾನು ಮೇಜನ್ನು ತಟ್ಟುತ್ತೇನೆ. ಟಕ್, ಟಕ್, ಟಕ್, ಟಕ್‌ಟಕ್, ನಿಶ್ಶಬ್ದ, ಟಕ್, ಟಕ್. ಕೇಳಿತೆ? ನಾಲ್ಕನೆಯದರ ಬೆನ್ನಿಗೇ ಅವಸರದಿಂದ ಐದನೆಯದು ಬಂತು. ಆಮೇಲೆ ಒಂದು ಬಿಡುವು. ಈ ಅವಸರದ ಪೆಟ್ಟು ಅನೇಕ ವೇಳೆ ನಾಡಿಗೆ ಸಿಕ್ಕುವುದಿಲ್ಲ, ಬಿಡುವು ಮಾತ್ರ ಸಿಕ್ಕುತ್ತದೆ. ಆದುದರಿಂದಲೇ ಎದೆ ಒಂದು ಪೆಟ್ಟು ತಪ್ಪಿಸಿತೆಂದು ಜನ ಹೇಳುತ್ತಾರೆ. ನಿಜವಾಗಿ ತಪ್ಪಿಸಿದ್ದಲ್ಲ, ಮುಂಚೆಯೇ ಹೊಡೆದದ್ದು. ಇದರ ವಿಷಯದಲ್ಲಿ ಲೋಕಕ್ಕೆ ಧೈರ್ಯ ಹೇಳಿದವನು ಯಾವ ದೊಡ್ಡ ವಿದ್ಯಾಲಯದ ಆಚಾರ್ಯನೂ ಅಲ್ಲ, ಇಂಗ್ಲೆಂಡಿನ ಬರ್ನ್‌ಲಿ ಎಂಬ ಗಿರಣಿಯೂರಿನಲ್ಲಿ ಕಾಲು ಶತಮಾನ ಕಾಲ ಮನೆಮನೆಗೆ ಹೋಗಿ ಮದ್ದು ಕೊಟ್ಟ ಸಾಮಾನ್ಯ ವೈದ್ಯ ಜೇಮ್ಸ್ ಮೆಕೆಂಜಿ. ಐಂತೋವನ್ನನ ಯಂತ್ರವಿಲ್ಲದ ಕಾಲದಲ್ಲಿ, ಮಣಿಕಟ್ಟಿನ ನಾಡಿಯನ್ನೂ ಕೊರಳಿನ ರಕ್ತನಾಳದ ಅಲೆಯನ್ನೂ ಒಟ್ಟಿಗೆ ಬರೆಯುವ ಉಪಕರಣವೊಂದನ್ನು ಕಟ್ಟಿಕೊಂಡು, ಅವೇ ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಇಂಥ ಬಿಡಿಪೆಟ್ಟುಗಳುಳ್ಳವರು ಬೇರೆ ಹೃದ್ರೋಗವಿಲ್ಲದಿದ್ದರೆ ಎಲ್ಲರಂತೆ ಬಾಳುತ್ತಾರೆಂದು ಕಂಡುಕೊಂಡನು. ಒಂದೇ ಊರಿನಲ್ಲಿ ನೆಲೆಯೂರಿ ಕುಳಿತ ವೈದ್ಯನಿಗಲ್ಲದೆ ಈ ಜ್ಞಾನ ಒದಗುವಂತಿರಲಿಲ್ಲ. ನಮ್ಮ ಹಳ್ಳಿಯ ವೈದ್ಯರು ತಮ್ಮನ್ನು ತಾವು ಕೀಳೆಂದು ಭಾವಿಸಿದಾಗಲೆಲ್ಲ ನಾನು ಮೆಕೆಂಜಿಯ ಹೆಸರನ್ನು ಎತ್ತುವುದುಂಟು.

ಇನ್ನೊಮ್ಮೆ ತಟ್ಟುತ್ತೇನೆ. ಟಕ್‌ಟಕ್, ಟಕ್, ಟಕ್‌ಟಕ್‌ಟಕ್, ನಿಶ್ಶಬ್ದ, ಟಕ್, ಟಕ್‌ಟಕ್. ಇದಕ್ಕೆ ಯಾವ ತಾಳವೂ ಇಲ್ಲ; ತಪ್ಪಿದ ತಾಳವೆಂದು ಹೇಳುವುದಕ್ಕೂ ಬರುವಂತಿಲ್ಲ. ಇದು ಹೃತ್ಕರ್ಣದ ಕಂಪನ, ಏಟ್ರಿಯಲ್ ಫಿಬ್ರಿಲೇಶನ್. ಭಾಗವತನನ್ನು ಕೆಳಗಿಳಿಸಿ ಸಭೆಯಲ್ಲಿದ್ದವರೆಲ್ಲರೂ ಒಂದೊಂದು ತಾಳ ಹಿಡಿದು ಕುಟ್ಟಿದರೆ ಹೇಗೋ ಹಾಗೆ ಮೇಲುಕೋಣೆಯಲ್ಲಿ ನಿಮಿಷಕ್ಕೆ 350ರಿಂದ 600ರವರೆಗೆ ಅಲೆಗಳೆದ್ದು, ಅವುಗಳಲ್ಲಿ ಕೆಲವನ್ನು ಮಾತ್ರ ನಡುವಿನ ಗಂಟು ತೋಚಿದಂತೆ ಕೆಳಗೆ ಬಿಡುತ್ತದೆ. ಕಾಗದದಲ್ಲಿ ಪಿ ಇಲ್ಲ; ಶಿಖರಗಳ ನಡುವಣ ನೆಲಗೆರೆ ಗಾಳಿಗೆ ಅದುರುವ ನೀರಿನಂತೆ; ಯಾವ ಎರಡು ಅಂತರಗಳಿಗೂ ಹೊಂದಿಕೆಯಿಲ್ಲ. ಯಲ್ಲಾಪುರದ ಕಡೆಯ ಒಬ್ಬ ಹೆಂಗಸಿಗೆ, ಬಾಲ್ಯದ ಕೀಲುವಾತಜ್ವರವು ಹೃದಯದ ಕವಾಟವನ್ನು ಬಿಗಿಸಿದುದರ ಫಲವಾಗಿ, ಮೂವತ್ತೆಂಟನೆಯ ವಯಸ್ಸಿಗೇ ಇದು ಬಂದಿತ್ತು. ನಾನು ಎದೆಗೆ ಕೊಳವೆಯಿಟ್ಟು ಎಣಿಸಿದಾಗ ಮಿಡಿತಗಳು 130; ಅದೇ ನಿಮಿಷದಲ್ಲಿ ದಾದಿ ಮಣಿಕಟ್ಟಿನಲ್ಲಿ ಎಣಿಸಿದುದು 96. ನಡುವಿನ ಮೂವತ್ತನಾಲ್ಕು ಪೆಟ್ಟುಗಳು ಕೈವರೆಗೂ ಬಾರದೆ ಹಾದಿಯಲ್ಲಿಯೇ ಸತ್ತಿದ್ದವು. ಕದಲದೆ ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹಾರಿದರೆ ಪಾರ್ಶ್ವವಾಯು. ಈ ಲಯವುಳ್ಳವರಿಗೆ ಅದರ ಸಂಭವ ಸುಮಾರು ಐದು ಪಟ್ಟು, ಕವಾಟವೂ ಬಿಗಿದಿದ್ದರೆ ಅದಕ್ಕಿಂತ ಬಹಳ ಹೆಚ್ಚು. ರಕ್ತ ತೆಳುವಾಗಿಡುವ ವಾರ್ಫರಿನ್ ಗುಳಿಗೆಯನ್ನು ಬರೆದುಕೊಟ್ಟಾಗ ಆಕೆ ಕೇಳಿದ್ದು ಒಂದೇ ಪ್ರಶ್ನೆ: ಸೊಪ್ಪಿನ ತಂಬುಳಿ ಬಿಡಬೇಕೆ? ಬಿಡಬೇಕಾಗಿಲ್ಲ, ವಾರವಿಡೀ ಸೊಪ್ಪನ್ನೇ ಉಂಡು ಮುಂದಿನ ವಾರ ಮುಟ್ಟದೆ ಇರುವ ಏರುಪೇರು ಕೂಡದು, ಅಷ್ಟೆ.

ಮೂರನೆಯ ಸಂಗತಿ ಕೊನೆಕೊಯ್ಲಿನ ಕಾಲದ್ದು. ಸಿದ್ದಾಪುರದ ಕಡೆ ಒಂದು ತೋಟದಲ್ಲಿ ಐವತ್ತೈದರ ಆಸುಪಾಸಿನ ಕೊನೆಗೌಡನೊಬ್ಬ, ಅಡಿಕೆಮರದ ತುದಿಯಿಂದ ತುದಿಗೆ ದಾಟುತ್ತ ಅರ್ಧ ದಿನ ದುಡಿದವನು, ಊಟಕ್ಕೆಂದು ಇಳಿದು ನೆಲ ಮುಟ್ಟಿದ ಗಳಿಗೆಯಲ್ಲಿ ಕುಸಿದುಬಿದ್ದ. ಅರೆನಿಮಿಷದಲ್ಲಿ ಎದ್ದು ಕುಳಿತು, ಕವಳದ ಸಂಚಿಗೆ ಕೈಹಾಕಿದನಂತೆ. ತೋಟದ ಯಜಮಾನರು ಅವನ ಮಾತು ಕೇಳದೆ ಜೀಪಿನಲ್ಲಿ ಹಾಕಿಕೊಂಡು ಬಂದರು. “ಕಣ್ಣಿಗೆ ಕತ್ಲೆ ಬಂತು, ಮತ್ತೆ ಏನಿಲ್ಲ ಡಾಕ್ಟ್ರೇ” ಎಂದ. ನಾಡಿ 36. ಮರ ಹತ್ತುವವರ ನಾಡಿ ನಿಧಾನವಿರುವುದು ಸಹಜವೆಂದು ಕೈಬಿಟ್ಟುಬಿಡಬಹುದಾಗಿತ್ತು. ಇಸಿಜಿಯನ್ನು ನೋಡಿದರೆ ಶಿಖರಗಳು ಸಮ ಅಂತರದಲ್ಲಿಯೇ ಇವೆ. ಕೆಲವು ಶಿಖರಗಳ ಹಿಂದೆ ಪಿ ಸರಿಯಾದ ಸ್ಥಳದಲ್ಲಿಯೇ ಇದೆ. ಕೆಲವುಗಳ ಹಿಂದೆ ತೀರ ದೂರ. ಒಂದರಲ್ಲಿ ಟಿಯ ಬೆನ್ನೇರಿ ಕುಳಿತಿದೆ. ಮಗನ ಶಾಲೆಯ ಕಂಪಾಸುಪೆಟ್ಟಿಗೆಯ ಕೈವಾರವೊಂದು ನನ್ನ ಮೇಜಿನ ಸೆಳೆಖಾನೆಯಲ್ಲಿ ಸದಾ ಇರುತ್ತಿತ್ತು. ಅದರ ಎರಡು ಮೊನೆಗಳನ್ನು ಅಕ್ಕಪಕ್ಕದ ಎರಡು ಪಿಗಳ ಮೇಲಿಟ್ಟು, ಅಗಲವನ್ನು ಕದಲಿಸದೆ ಮುಂದುಮುಂದಕ್ಕೆ ಹೆಜ್ಜೆಯಿಡಿಸುತ್ತ ಹೋದೆ. ಮೊನೆ ಊರಿದಲ್ಲೆಲ್ಲ ಒಂದು ಪಿ. ಬಯಲಿನಲ್ಲಿ ಕಂಡಿತು, ಟಿಯ ಇಳಿಜಾರಿನಲ್ಲಿ ಕಂಡಿತು. ಒಂದು ಕಡೆ ಕಾಣಲಿಲ್ಲ, ಆದರೆ ಅಲ್ಲಿದ್ದ ಶಿಖರದ ಬುಡ ಕೊಂಚ ದಪ್ಪವಾಗಿತ್ತು. ಪಿಗಳ ವೇಗ 88, ಶಿಖರಗಳದು 36. ಭಾಗವತನು ತನ್ನ ಪಾಡಿಗೆ ದ್ರುತದಲ್ಲಿ ಹಾಡುತ್ತಿದ್ದಾನೆ, ವೇಷಧಾರಿಯು ತನ್ನ ಪಾಡಿಗೆ ವಿಲಂಬದಲ್ಲಿ ಕುಣಿಯುತ್ತಿದ್ದಾನೆ, ನಡುವೆ ಮದ್ದಲೆಗಾರನಿಲ್ಲ. ಇದಕ್ಕೆ ಪೂರ್ಣ ಹೃದಯಸ್ತಂಭ ಎಂದು ಹೆಸರು. ಸ್ತಂಭವೆಂದರೆ ಹೃದಯ ನಿಂತಿತೆಂದಲ್ಲ, ಮೇಲಿನ ಮಾತು ಕೆಳಕ್ಕೆ ಇಳಿಯುವುದು ನಿಂತಿತೆಂದು. ಈಗೊಮ್ಮೆ ಆಗೊಮ್ಮೆ ವೇಷಧಾರಿಯೂ ಒಂದು ಗಳಿಗೆ ಕುಣಿತವನ್ನು ನಿಲ್ಲಿಸಿದರೆ ಕಣ್ಣಿಗೆ ಕತ್ತಲೆ.

ನಾಡಿಯನ್ನು ಚುರುಕುಗೊಳಿಸುವ ಅಟ್ರೋಪಿನ್ ಚುಚ್ಚುಮದ್ದಿಗೆ ಅದು ಅಷ್ಟೇನೂ ಬಗ್ಗಲಿಲ್ಲ. ಹುಬ್ಬಳ್ಳಿಗೆ ಕಳುಹಿಸಿದೆ. ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರು. ಆ ದಾರಿಯುದ್ದಕ್ಕೂ ಅವನ ಪಕ್ಕದಲ್ಲಿ ಕುಳಿತು ನಾಡಿ ಹಿಡಿದುಕೊಂಡೇ ಹೋದ ಯಜಮಾನರ ಮಗ, ಮರುದಿನ ಬಂದವನು, ತನ್ನ ಬೆರಳುಗಳಿನ್ನೂ ಎಣಿಸುತ್ತಲೇ ಇವೆ ಎಂದ. ಕೊನೆಗೌಡನಿಗೆ ಪೇಸ್‌ಮೇಕರ್ ಅಳವಡಿಸಿದರು. ಮನುಷ್ಯನ ಮೈಯೊಳಗೆ ಈ ಉಪಕರಣವನ್ನು ಮೊದಲು ಹೂಳಿದುದು 1958ರ ಅಕ್ಟೋಬರಿನಲ್ಲಿ, ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ, ಆರ್ನೆ ಲಾರ್ಸನ್ ಎಂಬವನಿಗೆ. ಮೊದಲನೆಯದು ಕೆಲವು ಗಂಟೆಗಳಲ್ಲಿ ಕೆಟ್ಟುಹೋಯಿತಾದರೂ, ಒಂದಾದ ಮೇಲೊಂದರಂತೆ ಇಪ್ಪತ್ತಾರು ಉಪಕರಣಗಳನ್ನು ಸವೆಸಿ ಆತ 2001ರವರೆಗೆ, 86ನೆಯ ವಯಸ್ಸಿನವರೆಗೆ ಬದುಕಿದನು. ನಮ್ಮ ಕೊನೆಗೌಡ ಒಂದರಲ್ಲಿಯೇ ತೃಪ್ತನಾಗಿದ್ದಾನೆ. ಮರ ಹತ್ತುವುದನ್ನು ಬಿಡಿಸಿದ್ದು ಮಾತ್ರ ಅವನಿಗೆ ಇನ್ನೂ ಒಪ್ಪಿಗೆಯಾಗಿಲ್ಲ. ಕೆಳಗೆ ನಿಂತು ಕೊನೆ ಹಿಡಿಯುವುದು ಹುಡುಗರ ಕೆಲಸವೆಂದು ಅವನ ಅಭಿಪ್ರಾಯ.

ಹೃತ್ಕುಕ್ಷಿಯಲ್ಲಿಯೇ ಹುಟ್ಟುವ ಅತಿವೇಗದ ಲಯಗಳ ಮಾತನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅವು ಓದಿ ಕೂರುವುದಕ್ಕೆ ಎಡೆಗೊಡುವಂಥವಲ್ಲ. ಅಗಲವಾದ ಶಿಖರಗಳು ಒಂದರ ಬೆನ್ನಿಗೊಂದು ವೇಗದಿಂದ ಬರುತ್ತಿದ್ದರೆ, ಅಲ್ಲವೆಂದು ಸಿದ್ಧವಾಗುವವರೆಗೂ ಅದನ್ನು ಕೆಳಮನೆಯ ಲಯವೆಂದೇ ತಿಳಿಯಬೇಕು, ಹೃದಯಾಘಾತವಾದವರಲ್ಲಂತೂ ಸಂದೇಹಕ್ಕೆಡೆ ಬಲು ಕಡಿಮೆ. ಶಿಖರವೂ ಇಲ್ಲ, ಅಂತರವೂ ಇಲ್ಲ, ಮಗು ಗೀಚಿದಂಥ ಗೆರೆ ಮಾತ್ರವೆಂದಾದರೆ ಹೃದಯವು ರಕ್ತವನ್ನು ನೂಕುವುದನ್ನೇ ಬಿಟ್ಟಿದೆ. ಆಗ ಕಾಗದವನ್ನು ಎಸೆದು, ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು, ಎರಡಂಗುಲ ಕುಸಿಯುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲಾರಂಭಿಸಬೇಕು; ಇದನ್ನು ಕಲಿಯಲು ವೈದ್ಯನೇ ಆಗಿರಬೇಕಾಗಿಲ್ಲ.

ಐಂತೋವನ್ನನ ತಂತಿಯ ಮಾತಿಗೆ ಮರಳುತ್ತೇನೆಂದಿದ್ದೆನಲ್ಲವೆ? ದೊಡ್ಡ ಆಸ್ಪತ್ರೆಗಾಗಿ ನಮ್ಮವರು ಹುಬ್ಬಳ್ಳಿಗೋ ಶಿವಮೊಗ್ಗೆಗೋ ಹೋಗಬೇಕು, ಇಲ್ಲವೆ ದೇವಿಮನೆ, ಅರಬೈಲುಗಳ ಘಟ್ಟ ಇಳಿದು ಮಣಿಪಾಲ, ಮಂಗಳೂರುಗಳ ದಾರಿ ಹಿಡಿಯಬೇಕು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ನಮ್ಮ ಜನರ ಕೂಗು ನ್ಯಾಯವಾದುದೇ. ಅದು ಬರುವ ತನಕ ಗೆರೆಯಾದರೂ ಪ್ರಯಾಣ ಮಾಡಲಿ ಎಂದವರಲ್ಲಿ ಮಂಗಳೂರಿನ ಹೃದ್ರೋಗತಜ್ಞ ಡಾಕ್ಟರ್ ಪದ್ಮನಾಭ ಕಾಮತರು ಒಬ್ಬರು. ಅವರು 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯದಲ್ಲಿ ಕರಾವಳಿ, ಮಲೆನಾಡುಗಳ ಹಳ್ಳಿಯ ದವಾಖಾನೆಗಳಿಗೆ ಇಸಿಜಿ ಯಂತ್ರಗಳನ್ನು ದಾನಿಗಳ ನೆರವಿನಿಂದ ಹಂಚಿ, ಅಲ್ಲಿ ತೆಗೆದ ಕಾಗದದ ಚಿತ್ರವನ್ನು ವಾಟ್ಸ್ಯಾಪಿನಲ್ಲಿ ತರಿಸಿಕೊಂಡು, ಹಳ್ಳಿಯ ವೈದ್ಯನು ಮುಂದೇನು ಮಾಡಬೇಕೆಂಬುದನ್ನು ಆಗಲೇ ತಿಳಿಸುತ್ತಾರೆ. 2023ರಲ್ಲಿ ರಾಜ್ಯ ಸರ್ಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಆರಂಭಿಸಿದ ಹೃದಯಜ್ಯೋತಿ ಯೋಜನೆಯ ಮರ್ಮವೂ ಇದೇ: ತಾಲೂಕು ಆಸ್ಪತ್ರೆಯಲ್ಲಿ ಗೆರೆ ಬರೆಯುವುದು, ಜಯದೇವ ಮೊದಲಾದ ದೊಡ್ಡ ಸಂಸ್ಥೆಗಳಲ್ಲಿ ಅದನ್ನು ಓದುವುದು. ಯಂತ್ರವೇ ಕಾಗದದ ತಲೆಯ ಮೇಲೆ ಮುದ್ರಿಸಿಕೊಡುವ ನಿರ್ಣಯವನ್ನು ಮಾತ್ರ ನಾನು ಕೊನೆಯಲ್ಲಿ ಓದುತ್ತೇನೆ. ಅಜ್ಜನ ಬಲಗೈಯನ್ನು ಅದು ನೋಡಿರುವುದಿಲ್ಲ.

ಆದರೆ ದೂರದ ತಜ್ಞನಿಗೆ ಕಳುಹಿಸುವ ಗೆರೆಯಾದರೂ ಎದೆ ಹೊಡೆದುಕೊಳ್ಳುತ್ತಿರುವ ಹೊತ್ತಿನದೇ ಆಗಿರಬೇಕಷ್ಟೆ. ಸೋಂದೆಯ ಕಡೆಯ ಒಬ್ಬ ಗೃಹಿಣಿಯ ವೃತ್ತಾಂತವನ್ನು ಹೇಳುತ್ತೇನೆ. ಹದಿನಾರನೆಯ ವಯಸ್ಸಿನಿಂದಲೂ ಆಕೆಗೆ ವರ್ಷಕ್ಕೆ ಮೂರು ನಾಲ್ಕು ಸಲ, ಗುಂಡಿ ಒತ್ತಿದಂತೆ ಥಟ್ಟನೆ, ಎದೆ ವಿಪರೀತ ವೇಗದಲ್ಲಿ ಹೊಡೆಯತೊಡಗಿ ಗುಂಡಿ ಒತ್ತಿದಂತೆಯೇ ನಿಲ್ಲುತ್ತಿತ್ತು. ಬಾವಿಯ ತಣ್ಣೀರನ್ನು ಮುಖಕ್ಕೆ ಎರಚಿಕೊಂಡರೆ ಒಮ್ಮೊಮ್ಮೆ ನಿಲ್ಲುತ್ತದೆಂಬುದನ್ನೂ ತಾನೇ ಕಂಡುಕೊಂಡಿದ್ದಳು. ಅದು ಶಾಸ್ತ್ರಸಮ್ಮತವೇ. ಅದೇ ಬಗೆಯ ಇನ್ನೊಂದು ಉಪಾಯವಾಗಿ ಹದಿನೈದು ಸೆಕೆಂಡು ಬಲವಾಗಿ ಊದಿಸಿ, ಕೂಡಲೇ ಮಲಗಿಸಿ ಕಾಲುಗಳನ್ನು ಮೇಲೆತ್ತಿದರೆ ನೂರರಲ್ಲಿ 43 ಮಂದಿಗೆ ಈ ಲಯ ಇಳಿಯಿತೆಂದೂ, ಕಾಲೆತ್ತದೆ ಊದಿಸಿದರೆ 17 ಮಂದಿಗೆ ಮಾತ್ರವೆಂದೂ 2015ರಲ್ಲಿ ಇಂಗ್ಲೆಂಡಿನ ವೈದ್ಯರು ಪ್ರಕಟಿಸಿದ್ದಾರೆ. ನನ್ನಲ್ಲಿ ತೆಗೆದ ಆಕೆಯ ಇಸಿಜಿಗಳೆಲ್ಲ ಸರಿಯಾಗಿದ್ದವು. ಒಮ್ಮೆ ಮಾತ್ರ ಹತ್ತಿರದ ಪ್ರಾಥಮಿಕ ಆರೋಗ್ಯಕೇಂದ್ರದಲ್ಲಿ, ಹೊಡೆದುಕೊಳ್ಳುತ್ತಿದ್ದಾಗಲೇ, ಯಾರೋ ಪುಣ್ಯಾತ್ಮರು ತೆಗೆದುಕೊಟ್ಟಿದ್ದರಂತೆ. “ಅದನ್ನು ತನ್ನಿರಮ್ಮಾ, ಬಂಗಾರಕ್ಕಿಂತ ಹೆಚ್ಚು” ಎಂದೆ.

ಮುಂದಿನ ವಾರ ತಂದಳು. ಬಂಗಾರಕ್ಕಿಂತ ಜೋಪಾನವಾಗಿಯೇ ಇಟ್ಟಿದ್ದಳು: ಜಮೀನಿನ ಪಹಣಿ, ಸೊಸೈಟಿಯ ಪಾಸುಬುಕ್ಕುಗಳ ಜೊತೆಗೆ ಪ್ಲಾಸ್ಟಿಕ್ಕಿನ ಚೀಲದಲ್ಲಿ ಸುತ್ತಿ, ಮಳೆಗಾಲದ ಥಂಡಿ ತಾಗದಿರಲೆಂದು ಅಡಿಕೆ ಬೇಯಿಸುವ ಒಲೆಯ ಮೇಲಣ ಅಟ್ಟದಲ್ಲಿ. ಬಿಚ್ಚಿ ನೋಡಿದರೆ ಆ ಕಾಗದದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮಸಿ ಬಳಿದಂತೆ ಕಪ್ಪು. ಈ ಕಾಗದದ ಮೇಲೆ ಬರೆಯುವುದು ಶಾಯಿಯಲ್ಲ, ಬಿಸಿ. ಬಿಸಿ ತಾಗಿದಲ್ಲೆಲ್ಲ ಅದು ಕಪ್ಪಾಗುತ್ತದೆ, ಪ್ಲಾಸ್ಟಿಕ್ಕಿನ ಸಹವಾಸದಲ್ಲಿ ಬಿಳಿಚಿಕೊಳ್ಳುವುದೂ ಉಂಟು. ತೆಗೆಸಿದ ದಿನವೇ ಝೆರಾಕ್ಸ್ ಮಾಡಿಸಿಕೊಳ್ಳಬೇಕಾಗಿತ್ತೆಂದು ಆಕೆಗೆ ಹೇಳಿದವರಾರು? ನಾನೂ ಅಲ್ಲಿಯ ತನಕ ಯಾರಿಗೂ ಹೇಳಿದ್ದಿಲ್ಲ. ಅಂದು ಹೇಳಿದೆ, ಇನ್ನೊಮ್ಮೆ ಬಂದರೆ ನನ್ನಲ್ಲಿಗೆ ಬರುವ ಯೋಚನೆಯನ್ನೇ ಬಿಟ್ಟು, ಇಸಿಜಿ ಯಂತ್ರ ಎಲ್ಲಿ ಹತ್ತಿರವಿದೆಯೋ ಅಲ್ಲಿಗೆ ಹೋಗಿ, ಬಂದಿದೆ ಎನ್ನುತ್ತಲೇ ಮಲಗಬೇಕೆಂದೂ ಹೇಳಿದೆ.

ಒಂದೂವರೆ ವರ್ಷದ ತರುವಾಯ ಆಕೆಯ ಗಂಡ ಒಂದು ಲಕೋಟೆಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಮೂಲಕಾಗದ, ಅದರ ಎರಡು ಝೆರಾಕ್ಸ್ ಪ್ರತಿಗಳು. ಶಿಖರಗಳು ಕಿರಿದು, ಅಂತರ ಸಮ, ಒಂದು ದೊಡ್ಡ ಚೌಕ ಮತ್ತು ಮೂರು ಸಣ್ಣ ಚೌಕ, ನಿಮಿಷಕ್ಕೆ 188. ಪಿ ಎಲ್ಲಿಯೂ ಇಲ್ಲವೆಂದುಕೊಳ್ಳುವಷ್ಟರಲ್ಲಿ, ಪ್ರತಿಯೊಂದು ಶಿಖರವು ಇಳಿದು ಮುಗಿಯುವ ಕಡೆ ಒಂದೊಂದು ಸಣ್ಣ ಗೀರಾಗಿ ಅದು ತಲೆಕೆಳಗು ಮಾಡಿಕೊಂಡು ಅಡಗಿದ್ದುದು ಕಂಡಿತು. ಮಂಗಳೂರಿನ ತಜ್ಞರಿಗೆ ಇಷ್ಟೇ ಬೇಕಾಗಿತ್ತು. ಕಾಗದವನ್ನು ತಿರುಗಿಸಿದೆ. ಬೆನ್ನ ಮೇಲೆ ಪೆನ್ಸಿಲಿನಲ್ಲಿ, ಮಲಗಿದಲ್ಲಿಯೇ ಬರೆದಂತಿದ್ದ ವಕ್ರವಾದ ಅಕ್ಷರಗಳಲ್ಲಿ, ತಾರೀಖಿನ ಕೆಳಗೆ ಒಂದು ಸಾಲು ಇತ್ತು: “11 ಗಂಟೆ 20 ನಿಮಿಷ. ಈಗ ಹೊಡ್ಕತ್ತಾ ಇದ್ದು.”